ಇವತ್ತು ಸ್ವಯಂ ನಿವೃತ್ತಿ, ಪಿಂಚಣಿ ಮಾತ್ರ ಅರವತ್ತಕ್ಕೆ: ಯುಪಿಎಸ್‌ನಲ್ಲಿ ಯಾರಿಗೆ, ಯಾವಾಗ, ಎಷ್ಟು?

ಕೇಂದ್ರ ಸರ್ಕಾರದ ಒಂದೇ ಕಚೇರಿಯಲ್ಲಿ ಇಬ್ಬರು ನೌಕರರು. ಒಬ್ಬರು 2003ರ ಡಿಸೆಂಬರ್‌ನಲ್ಲಿ ಸೇರಿದವರು, ಇನ್ನೊಬ್ಬರು 2004ರ ಜನವರಿಯಲ್ಲಿ. ಕೆಲಸ ಒಂದೇ, ಬೇಸಿಕ್ ಒಂದೇ. 22 ವರ್ಷ ಮುಗಿಸಿ ಇಬ್ಬರೂ ಸ್ವಯಂ ನಿವೃತ್ತಿ ಪಡೆದರು ಎಂದುಕೊಳ್ಳಿ. ಮೊದಲನೆಯವರು ಹಳೇ ಪಿಂಚಣಿಯವರು, ಅವರಿಗೆ ನಿವೃತ್ತಿಯ ಮರುದಿನದಿಂದಲೇ ಪಿಂಚಣಿಯ ಲೆಕ್ಕ ಶುರು. ಎರಡನೆಯವರು ಏಕೀಕೃತ ಪಿಂಚಣಿ ಯೋಜನೆ, ಅಂದರೆ ಯುಪಿಎಸ್ ಆಯ್ದುಕೊಂಡಿದ್ದರೆ, ಅವರ ತಿಂಗಳ ಮೊತ್ತ ಶುರುವಾಗುವುದು ಅವರಿಗೆ 60 ತುಂಬಿದ ಮೇಲೆ. ನಡುವೆ ಹತ್ತು ಹನ್ನೆರಡು ವರ್ಷ ತಿಂಗಳ ಕೊನೆಗೆ ಏನೂ ಬರುವುದಿಲ್ಲ.

ಪಕ್ಕದ ಮೇಜಿನವರ ಅನುಭವ ನಂಬಿ ನೋಟಿಸ್ ಕೊಡುವವರು ಎಡವುವುದು ಇಲ್ಲೇ. ಹಾಗಾಗಿ ಹಣದ ಲೆಕ್ಕಕ್ಕಿಂತ ಮೊದಲು ಅರ್ಹತೆಯ ಲೆಕ್ಕ ಮುಗಿಸಬೇಕು.

ಯುಪಿಎಸ್ ಜಾರಿಗೆ ಬಂದದ್ದು 2025ರ ಏಪ್ರಿಲ್ 1ರಂದು. ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ, ಅಂದರೆ 2004ರ ಜನವರಿಯಿಂದ ಸೇರಿದವರಿಗೆ ಅನ್ವಯಿಸುವ ಎನ್‌ಪಿಎಸ್‌ನಲ್ಲಿದ್ದ ಕೇಂದ್ರ ಸರ್ಕಾರಿ ನೌಕರರಿಗೆ ಇದು ಆಯ್ಕೆ, ಕಡ್ಡಾಯವಲ್ಲ. ಆಗ ಸೇವೆಯಲ್ಲಿದ್ದವರಿಗೆ ಕೊಟ್ಟಿದ್ದ ಗಡುವು ಜೂನ್ 30ರಿಂದ ಸೆಪ್ಟೆಂಬರ್ 30ಕ್ಕೆ, ಅಲ್ಲಿಂದ 2025ರ ನವೆಂಬರ್ 30ಕ್ಕೆ ವಿಸ್ತರಣೆಯಾಯಿತು. ಹೊಸದಾಗಿ ಸೇರುವವರು ಸೇರಿದ 30 ದಿನಗಳೊಳಗೆ ನಮೂನೆ ಎ1ರಲ್ಲಿ ತಮ್ಮ ಆಯ್ಕೆ ತಿಳಿಸಬೇಕು. ನೌಕರರ ಬೇಸಿಕ್ ಮತ್ತು ತುಟ್ಟಿ ಭತ್ಯೆ (ಡಿಎ) ಮೊತ್ತದಲ್ಲಿ ಶೇ 10 ಕಡಿತವಾಗುತ್ತದೆ, ಸರ್ಕಾರ ಅಷ್ಟೇ ಹಣ ಸೇರಿಸುತ್ತದೆ. ಇವೆರಡೂ ನಿಮ್ಮ ಹೆಸರಿನ ವೈಯಕ್ತಿಕ ನಿಧಿಗೆ ಹೋಗುತ್ತವೆ. ಇದಲ್ಲದೆ ಸರ್ಕಾರ ಅಂದಾಜು ಶೇ 8.5ರಷ್ಟನ್ನು ಒಂದು ಸಾಮೂಹಿಕ ನಿಧಿಗೆ ಹಾಕುತ್ತದೆ. ಅದು ನಿಮ್ಮ ಖಾತೆಯಲ್ಲಿ ಕಾಣುವುದಿಲ್ಲ, ಖಾತರಿ ಮೊತ್ತಕ್ಕೆ ಬೆನ್ನೆಲುಬು ಅದು.

ಕರ್ನಾಟಕ ರಾಜ್ಯ ಸರ್ಕಾರಿ ನೌಕರರು ಒಂದು ವಿಷಯ ಗಮನಿಸಬೇಕು. ರಾಜ್ಯದಲ್ಲಿ ಎನ್‌ಪಿಎಸ್ ಅನ್ವಯವಾಗುವುದು 2006ರ ಏಪ್ರಿಲ್ 1 ಮತ್ತು ಆನಂತರ ಸೇರಿದವರಿಗೆ. ಕೇಂದ್ರದ ಯುಪಿಎಸ್ ರಾಜ್ಯದ ನೌಕರರಿಗೆ ತಾನಾಗಿ ಅನ್ವಯಿಸುವುದಿಲ್ಲ. ಮುಂದಿನ ಲೆಕ್ಕವೆಲ್ಲ ಅಂಚೆ, ರೈಲ್ವೆ, ಆದಾಯ ತೆರಿಗೆ, ಬಾಹ್ಯಾಕಾಶ ಇಲಾಖೆಗಳಂಥ ಕಡೆ ಇರುವ ಕೇಂದ್ರ ನೌಕರರದ್ದು.

ಹತ್ತು, ಇಪ್ಪತ್ತು, ಇಪ್ಪತ್ತೈದು

ಯುಪಿಎಸ್‌ನಲ್ಲಿ ಮೂರು ಸಂಖ್ಯೆಗಳಿವೆ. ಜನ ಇವನ್ನು ಕಲಸಿಕೊಳ್ಳುತ್ತಾರೆ.

ನಿವೃತ್ತಿ ವಯಸ್ಸಿನವರೆಗೆ, ಹೆಚ್ಚಿನವರಿಗೆ ಅದು 60, ಕೆಲಸ ಮಾಡಿ ಹೋಗುವವರಿಗೆ ಕನಿಷ್ಠ 10 ವರ್ಷದ ಅರ್ಹ ಸೇವೆ ಸಾಕು. ಅವರಿಗೆ ತಿಂಗಳಿಗೆ ಕನಿಷ್ಠ ₹10,000 ಎಂಬ ಖಾತರಿಯೂ ಇದೆ. ಪೂರ್ತಿ ಮೊತ್ತ, ಅಂದರೆ ಕೊನೆಯ 12 ತಿಂಗಳ ಸರಾಸರಿ ಬೇಸಿಕ್‌ನ ಅರ್ಧ, ಸಿಗಬೇಕಾದರೆ 25 ವರ್ಷ ಬೇಕು. ಅದಕ್ಕಿಂತ ಕಡಿಮೆಯಾದರೆ ಸೇವೆಗೆ ತಕ್ಕ ಪ್ರಮಾಣ.

ಸ್ವಯಂ ನಿವೃತ್ತಿಯ ವಿಷಯದಲ್ಲಿ ಗೊಂದಲಕ್ಕೆ ಕಾರಣವಿದೆ. 2025ರ ಜನವರಿ 24ರ ಅಧಿಸೂಚನೆಯಲ್ಲಿ ಇದ್ದದ್ದು ಕನಿಷ್ಠ 25 ವರ್ಷ ಎಂದು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಬಂದ ಕೇಂದ್ರ ನಾಗರಿಕ ಸೇವಾ ಯುಪಿಎಸ್ ನಿಯಮಗಳು 20 ವರ್ಷ ಮುಗಿಸಿದವರಿಗೂ ಬಾಗಿಲು ತೆರೆದವು: 20 ದಾಟಿ 25 ತಲುಪದವರಿಗೆ, ಸೇವೆಯ ವರ್ಷಗಳನ್ನು 25ರಿಂದ ಭಾಗಿಸಿದಷ್ಟು ಪಾಲು. ಜನವರಿಯ ಅಧಿಸೂಚನೆಯನ್ನಷ್ಟೇ ಓದಿದವರು ಇಂದಿಗೂ 25 ಇಲ್ಲದಿದ್ದರೆ ಏನೂ ಇಲ್ಲ ಎನ್ನುತ್ತಾರೆ. ಅದು ತಪ್ಪು. ಆದರೆ ಎರಡೂ ಕಡೆ ಬದಲಾಗದ ಮಾತೊಂದಿದೆ: 20 ಆಗಲಿ, 25 ಆಗಲಿ, 28 ಆಗಲಿ, ಸ್ವಯಂ ನಿವೃತ್ತರಿಗೆ ಮೊತ್ತ ಶುರುವಾಗುವುದು ಅವರು ಸೇವೆಯಲ್ಲೇ ಮುಂದುವರಿದಿದ್ದರೆ ಯಾವ ದಿನ ನಿವೃತ್ತರಾಗುತ್ತಿದ್ದರೋ ಆ ದಿನದಿಂದ.

ಸರ್ಕಾರವೇ ಸಾರ್ವಜನಿಕ ಹಿತದ ಕಾರಣಕ್ಕೆ ಮೂಲಭೂತ ನಿಯಮ, ಅಂದರೆ ಎಫ್‌ಆರ್ 56(ಜೆ) ಅಡಿ ಅವಧಿಗೆ ಮುನ್ನ ನಿವೃತ್ತಿ ಮಾಡಿಸಿದರೆ ಈ ಕಾಯುವಿಕೆ ಇಲ್ಲ. ಅದು ಶಿಕ್ಷೆಯಲ್ಲದ ನಿವೃತ್ತಿ, ಆ ದಿನದಿಂದಲೇ ಮೊತ್ತ ಬರುತ್ತದೆ. ವಜಾ, ಸೇವೆಯಿಂದ ತೆಗೆದುಹಾಕುವಿಕೆ, ರಾಜೀನಾಮೆ ಈ ಮೂರರಲ್ಲಿ ಯುಪಿಎಸ್ ಖಾತರಿಯೇ ಇಲ್ಲ.

ರಾಜೀನಾಮೆ ಎಂಬ ಪದವನ್ನು ಸ್ವಲ್ಪ ಒತ್ತಿ ಹೇಳಬೇಕು. 21 ವರ್ಷ ಸೇವೆ ಇದ್ದವರು ಖಾಸಗಿ ಕಂಪನಿಗೆ ಹೋಗುವ ಅವಸರದಲ್ಲಿ ಪತ್ರದಲ್ಲಿ ‘ರಾಜೀನಾಮೆ ಸಲ್ಲಿಸುತ್ತಿದ್ದೇನೆ’ ಎಂದು ಬರೆದರೆ ಒಂದೇ ಪದಕ್ಕೆ ಜೀವಮಾನದ ಮೊತ್ತ ಕೈತಪ್ಪುತ್ತದೆ. ‘ಸ್ವಯಂ ನಿವೃತ್ತಿಯ ನೋಟಿಸ್’ ಎಂದೇ ಇರಬೇಕು, ಯಾವ ನಿಯಮದಡಿ ಎಂಬುದೂ ಇರಬೇಕು. ಇನ್ನೊಂದು ಸರ್ಕಾರಿ ಹುದ್ದೆಗೆ ಇಲಾಖೆಯ ಅನುಮತಿ ಪಡೆದು ಹೋಗುವ ತಾಂತ್ರಿಕ ರಾಜೀನಾಮೆಯ ಕಥೆ ಬೇರೆ, ಅಲ್ಲಿ ಸೇವೆ ಮುಂದುವರಿಯುತ್ತದೆ.

ಒಂದು ಲೆಕ್ಕ, ಮೊದಲಿಂದ ಕೊನೆವರೆಗೆ

2004ರ ಜನವರಿ 1ರಂದು ಸೇರಿದ ನೌಕರರೊಬ್ಬರು 2025ರ ಡಿಸೆಂಬರ್ 31ರಂದು ಸ್ವಯಂ ನಿವೃತ್ತರಾದರು ಎಂದಿಟ್ಟುಕೊಳ್ಳೋಣ. ಸೇವೆ 22 ವರ್ಷ, ಅಂದರೆ 264 ತಿಂಗಳು. ಕೊನೆಯ 12 ತಿಂಗಳ ಸರಾಸರಿ ಬೇಸಿಕ್ ₹80,000. ಹುಟ್ಟಿದ್ದು 1978ರ ಮಾರ್ಚ್ 15. 60 ತುಂಬುವ ತಿಂಗಳ ಕೊನೆಯ ದಿನ 2038ರ ಮಾರ್ಚ್ 31. ತಿಂಗಳ ಮೊದಲನೇ ತಾರೀಖು ಹುಟ್ಟಿದವರಿಗೆ ಮಾತ್ರ ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತಿ. ಮಾರ್ಚ್ 1 ಆಗಿದ್ದರೆ ಫೆಬ್ರುವರಿ 28.

ಸೂತ್ರ ಇಷ್ಟೇ. ಸರಾಸರಿ ಬೇಸಿಕ್‌ನ ಅರ್ಧವನ್ನು ಸೇವೆಯ ತಿಂಗಳುಗಳಿಂದ ಗುಣಿಸಿ 300ರಿಂದ ಭಾಗಿಸಿ. ₹40,000 ಗುಣಿಸು 264, ಭಾಗಿಸು 300. ಸಿಗುವುದು ₹35,200. ಇದು 2038ರ ಏಪ್ರಿಲ್‌ನಿಂದ, ಅದರ ಮೇಲೆ ತುಟ್ಟಿ ಪರಿಹಾರ, ಅಂದರೆ ಡಿಆರ್. ಆ ಡಿಆರ್ ಕೂಡ ಮೊತ್ತ ಶುರುವಾದ ಮೇಲೆ ಮಾತ್ರ. 2026ರಿಂದ 2038ರವರೆಗಿನ ಹನ್ನೆರಡೂ ಕಾಲು ವರ್ಷ ತಿಂಗಳ ಮೊತ್ತವೂ ಇಲ್ಲ, ಡಿಆರ್ ಕೂಡ ಇಲ್ಲ.

ಇದೇ ನೌಕರರು ಇನ್ನು ಮೂರು ವರ್ಷ ತಡೆದಿದ್ದರೆ? ವರ್ಷಕ್ಕೆ ಶೇ 3ರ ಇನ್‌ಕ್ರಿಮೆಂಟ್ ಲೆಕ್ಕದಲ್ಲಿ ಬೇಸಿಕ್ ಸುಮಾರು ₹87,400 ಆಗುತ್ತದೆ, 25 ವರ್ಷ ತುಂಬಿದ್ದರಿಂದ ಪೂರ್ತಿ ಅರ್ಧ, ಹತ್ತಿರ ಹತ್ತಿರ ₹43,700. ಕಾಯುವ ಅವಧಿ ಒಂಬತ್ತೂ ಕಾಲು ವರ್ಷಕ್ಕೆ ಇಳಿಯುತ್ತದೆ. 20ರಿಂದ 25ರ ನಡುವಿನ ಒಂದೊಂದು ವರ್ಷವೂ ಎರಡು ಕಡೆಯಿಂದ ಲಾಭ ಕೊಡುತ್ತದೆ: ಪಾಲು ಏರುತ್ತದೆ, ಬೇಸಿಕ್ ಏರುತ್ತದೆ. 25 ದಾಟಿದ ಮೇಲೆ ಪಾಲು ಅಲ್ಲೇ ನಿಲ್ಲುತ್ತದೆ, ಏರುವುದು ಬೇಸಿಕ್ ಒಂದೇ. 23ನೇ ವರ್ಷದಲ್ಲಿ ಇರುವವರಿಗೆ ಆರೋಗ್ಯ, ಮನೆಯ ಪರಿಸ್ಥಿತಿ ಒಪ್ಪುವುದಾದರೆ 25 ಮುಟ್ಟಿಸಿಯೇ ಹೊರಡಿ ಎಂದು ಹೇಳುವುದು ಇದಕ್ಕೇ.

ಕಾಯುವ ಕಾಲದಲ್ಲಿ ಕೈಯಲ್ಲಿ ಇರುವುದೇನು?

ತಿಂಗಳ ಮೊತ್ತ ತಡವಾದರೂ ಉಳಿದ ಬಾಬತ್ತುಗಳು ತಡವಾಗುವುದಿಲ್ಲ. ನಿವೃತ್ತಿಯ ಹೊತ್ತಿಗೇ ಬರುವವು ಇವು: ಗ್ರಾಚ್ಯುಟಿ, ಒಟ್ಟುಗೂಡಿದ ಗಳಿಕೆ ರಜೆಯ ನಗದು (ಗರಿಷ್ಠ 300 ದಿನ), ಗುಂಪು ವಿಮೆಯ ಹಣ, ಯುಪಿಎಸ್‌ನ ಒಂದು ಬಾರಿಯ ಇಡುಗಂಟು, ಬೇಕಿದ್ದರೆ ವೈಯಕ್ತಿಕ ನಿಧಿಯ ಶೇ 60ರವರೆಗೆ.

ಇಡುಗಂಟು ಎಂದರೆ ಪ್ರತಿ ಆರು ತಿಂಗಳ ಪೂರ್ಣ ಸೇವೆಗೆ ಕೊನೆಯ ಬೇಸಿಕ್ ಮತ್ತು ಡಿಎಯ ಹತ್ತನೇ ಒಂದು ಪಾಲು. ನಮ್ಮ ಉದಾಹರಣೆಯಲ್ಲಿ ಕೊನೆಯ ಬೇಸಿಕ್ಕೂ ₹80,000 ಎಂದೇ ಇರಲಿ. 2025ರ ಜುಲೈ 1ರಿಂದ ಜಾರಿಯಲ್ಲಿದ್ದ ಶೇ 58ರ ಡಿಎ ಸೇರಿದರೆ ₹1,26,400. ಹತ್ತನೇ ಒಂದು ₹12,640. 22 ವರ್ಷಕ್ಕೆ 44 ಅರ್ಧವರ್ಷಗಳು. ಒಟ್ಟು ₹5,56,160. ಇದನ್ನು ತೆಗೆದುಕೊಂಡರೆ ತಿಂಗಳ ಮೊತ್ತ ಕಡಿಮೆಯಾಗುವುದಿಲ್ಲ. ಗ್ರಾಚ್ಯುಟಿ ಬೇರೆ: ಪ್ರತಿ ಅರ್ಧವರ್ಷಕ್ಕೆ ನಾಲ್ಕನೇ ಒಂದು ಪಾಲಿನಂತೆ ₹13,90,400.

ನಿಧಿಯಿಂದ ಶೇ 60 ತೆಗೆಯುವುದು ಮಾತ್ರ ಹಾಗಲ್ಲ. ಎಷ್ಟು ಶೇಕಡಾ ತೆಗೆದಿರೋ ಅಷ್ಟು ಶೇಕಡಾ ತಿಂಗಳ ಮೊತ್ತ ಶಾಶ್ವತವಾಗಿ ಇಳಿಯುತ್ತದೆ. ಶೇ 60 ತೆಗೆದರೆ ₹35,200 ಹೋಗಿ ₹14,080 ಉಳಿಯುತ್ತದೆ. ‘ಹೇಗೂ 12 ವರ್ಷ ಬರುವುದಿಲ್ಲವಲ್ಲ, ತೆಗೆದುಬಿಡೋಣ’ ಎನ್ನುವುದು ಸಹಜ. ನಿಧಿ ₹50 ಲಕ್ಷ ಇದೆ ಎಂದುಕೊಂಡು ನೋಡಿ. ₹30 ಲಕ್ಷ ತೆಗೆದು ಅದನ್ನು ಮುಟ್ಟದೆ ವರ್ಷಕ್ಕೆ ಶೇ 7ರ ಗಳಿಕೆಯಲ್ಲಿ ಹನ್ನೆರಡು ವರ್ಷ ಬೆಳೆಸಿದರೆ ಸುಮಾರು ₹67.5 ಲಕ್ಷ ಆಗುತ್ತದೆ. ಕಳೆದುಕೊಂಡದ್ದು ತಿಂಗಳಿಗೆ ₹21,120, ವರ್ಷಕ್ಕೆ ಎರಡೂವರೆ ಲಕ್ಷ ಚಿಲ್ಲರೆ. ಆ ₹67.5 ಲಕ್ಷದ ಶೇ 4ಕ್ಕಿಂತ ಕಡಿಮೆ. ಡಿಆರ್ ಇರುವುದಿಲ್ಲ ಎಂಬ ಕೊರತೆ ಇದ್ದರೂ ಲೆಕ್ಕ ಅಷ್ಟೇನೂ ಕೆಟ್ಟದ್ದಲ್ಲ. ಆದರೆ ಅದೇ ₹30 ಲಕ್ಷ ಮನೆ ಸಾಲಕ್ಕೋ ಮಗಳ ಮದುವೆಗೋ ಹೋದರೆ 2038ರಲ್ಲಿ ಉಳಿಯುವುದು ₹14,080 ಮತ್ತು ಅದರ ಡಿಆರ್ ಮಾತ್ರ. ನಡುವಿನ ವರ್ಷಗಳಿಗೆ ಬೇರೆ ಆದಾಯ ಇದೆಯೇ ಎಂಬುದರ ಮೇಲೆ ಈ ನಿರ್ಧಾರ ನಿಲ್ಲುತ್ತದೆ.

ಕಾಯುವ ಅವಧಿಯಲ್ಲೇ ನೌಕರರು ತೀರಿಕೊಂಡರೆ? ಪತಿ ಅಥವಾ ಪತ್ನಿಗೆ ಆ ಮೊತ್ತದ ಶೇ 60, ಸಾವಿನ ದಿನದಿಂದಲೇ. 2038ರವರೆಗೆ ಅವರು ಕಾಯಬೇಕಿಲ್ಲ. ಏನನ್ನೂ ತೆಗೆಯದಿದ್ದರೆ ₹21,120, ಶೇ 60 ತೆಗೆದಿದ್ದರೆ ₹8,448. ಇಲ್ಲಿನ ಷರತ್ತು ಏನೆಂದರೆ ಸ್ವಯಂ ನಿವೃತ್ತಿಯ ದಿನ ಕಾನೂನುಬದ್ಧವಾಗಿ ಮದುವೆಯಾಗಿರಬೇಕು. ಆಮೇಲೆ ಆದ ಮದುವೆ ಲೆಕ್ಕಕ್ಕಿಲ್ಲ. ಹಳೇ ಪಿಂಚಣಿಯ ಕುಟುಂಬ ಪಿಂಚಣಿಯಂತೆ ಇದು ಮಕ್ಕಳಿಗೆ ಮುಂದುವರಿಯುವುದಿಲ್ಲ.

ನೋಟಿಸ್‌ಗೆ ಮುಂಚಿನ ಕಿಟಕಿ

ಯುಪಿಎಸ್ ಆಯ್ದವರು ಒಂದೇ ಒಂದು ಬಾರಿ ಎನ್‌ಪಿಎಸ್‌ಗೆ ಮರಳಬಹುದು. ವಯೋನಿವೃತ್ತಿಯಾದರೆ ಕನಿಷ್ಠ ಒಂದು ವರ್ಷ ಮೊದಲು, ಸ್ವಯಂ ನಿವೃತ್ತಿಯಾದರೆ ಕನಿಷ್ಠ ಮೂರು ತಿಂಗಳು ಮೊದಲು ತಿಳಿಸಬೇಕು. ಶಿಸ್ತು ಕ್ರಮ ನಡೆಯುತ್ತಿದ್ದರೆ ಈ ಅವಕಾಶವಿಲ್ಲ. ಮರಳಿದ ಮೇಲೆ ಮತ್ತೆ ಯುಪಿಎಸ್‌ಗೆ ದಾರಿಯೂ ಇಲ್ಲ.

ಸ್ವಯಂ ನಿವೃತ್ತಿಯ ನೋಟಿಸ್ ಅವಧಿಯೂ ಮೂರು ತಿಂಗಳೇ ಎಂಬುದನ್ನು ಗಮನಿಸಿ. ನೋಟಿಸ್ ಕೊಟ್ಟ ಮೇಲೆ ಯೋಚಿಸೋಣ ಎಂದರೆ ಕಿಟಕಿ ಮುಚ್ಚಿರುತ್ತದೆ. ಯಾವ ಯೋಜನೆ ಎಂಬ ತೀರ್ಮಾನ ನೋಟಿಸ್ ಬರೆಯುವುದಕ್ಕಿಂತ ಮೊದಲೇ ಆಗಬೇಕು.

ಎನ್‌ಪಿಎಸ್‌ಗೆ ಮರಳಿದರೆ ಆಗುವುದೇನು? 20 ವರ್ಷ ಮುಗಿಸಿದ ಸ್ವಯಂ ನಿವೃತ್ತರಿಗೆ ಎನ್‌ಪಿಎಸ್‌ನಲ್ಲಿ ವಯೋನಿವೃತ್ತರಷ್ಟೇ ಸೌಲಭ್ಯ. ಶೇ 60 ಕೈಗೆ, ಶೇ 40ರಲ್ಲಿ ಆನ್ಯುಯಿಟಿ (ವಿಮಾ ಕಂಪನಿಯಿಂದ ಕೊಳ್ಳುವ ತಿಂಗಳ ಆದಾಯ), ಅದೂ ಕೂಡಲೇ. ಮರಳಿದವರಿಗೆ ಸರ್ಕಾರದ ಪಾಲಿನ ವ್ಯತ್ಯಾಸದ ಶೇ 4ನ್ನೂ ಖಾತೆಗೆ ಜಮೆ ಮಾಡುತ್ತಾರೆ. ಅದನ್ನು ಬದಿಗಿಟ್ಟು ಅದೇ ₹50 ಲಕ್ಷದ ಲೆಕ್ಕ ಹಿಡಿದರೆ ₹30 ಲಕ್ಷ ಕೈಗೆ, ₹20 ಲಕ್ಷಕ್ಕೆ ಆನ್ಯುಯಿಟಿ ದರ ಶೇ 6.5 ಎಂದುಕೊಂಡರೆ ತಿಂಗಳಿಗೆ ಸುಮಾರು ₹10,800 ಮುಂದಿನ ತಿಂಗಳಿಂದಲೇ. ಬಂಡವಾಳ ಹಿಂದಿರುಗಿಸುವ ಆನ್ಯುಯಿಟಿಯಾದರೆ ಕೊನೆಗೆ ಆ ₹20 ಲಕ್ಷ ಮಕ್ಕಳಿಗೆ. ಆದರೆ ₹10,800 ಇಪ್ಪತ್ತು ವರ್ಷ ಬಿಟ್ಟರೂ ₹10,800 ಆಗಿಯೇ ಇರುತ್ತದೆ.

ಯುಪಿಎಸ್‌ನಲ್ಲಿ ಅದೇ ₹30 ಲಕ್ಷ ತೆಗೆದವರಿಗೆ ಇಡುಗಂಟಿನ ₹5.56 ಲಕ್ಷ ಹೆಚ್ಚು, ಹನ್ನೆರಡು ವರ್ಷದ ನಂತರ ₹14,080, ಜೊತೆಗೆ ಡಿಆರ್. 57ರಲ್ಲಿ ಹೊರಡುವವರಿಗೆ ಕಾಯುವುದು ಮೂರೇ ವರ್ಷ, ಯುಪಿಎಸ್ ಬಿಡಬೇಡಿ. 45ರಲ್ಲಿ, ಬೇರೆ ಆದಾಯವಿಲ್ಲದೆ ಹೊರಡುವವರು ಎನ್‌ಪಿಎಸ್ ಕಡೆಗೂ ಗಂಭೀರವಾಗಿ ನೋಡಬೇಕು.

ಎಲ್ಲಿ ಕೆಡುತ್ತದೆ

ಮೊದಲನೆಯದು ಸೇವೆಯ ಎಣಿಕೆ. ಸೇರಿದ ದಿನದಿಂದ ಕ್ಯಾಲೆಂಡರ್ ಹಿಡಿದು ಎಣಿಸಿದ 20 ವರ್ಷ, ಸರ್ವೀಸ್ ಬುಕ್‌ನ 20 ವರ್ಷ ಆಗಿರಬೇಕೆಂದಿಲ್ಲ. ವೈದ್ಯಕೀಯ ಪ್ರಮಾಣಪತ್ರವಿಲ್ಲದೆ ತೆಗೆದ ಅಸಾಧಾರಣ ರಜೆ, ಡೈಸ್ ನಾನ್ (ಸೇವೆಗೆ ಎಣಿಸದ ದಿನ) ಎಂದು ಪರಿಗಣಿಸಿದ ಮುಷ್ಕರದ ದಿನಗಳು, ಕರ್ತವ್ಯವೆಂದು ಪರಿಗಣಿಸದ ಅಮಾನತು ಇವು ಎಣಿಕೆಯಿಂದ ಹೊರಬೀಳಬಹುದು. 20 ವರ್ಷ 10 ದಿನ ಎಂದು ನಂಬಿ ನೋಟಿಸ್ ಕೊಟ್ಟವರ ಬುಕ್‌ನಲ್ಲಿ 14 ದಿನದ ಡೈಸ್ ನಾನ್ ಇದ್ದರೆ ಅರ್ಹತೆಯೇ ಇಲ್ಲ. ನೋಟಿಸ್‌ಗೆ ಮೊದಲು ಕಚೇರಿಯಿಂದ ಅರ್ಹ ಸೇವೆಯ ದೃಢೀಕರಣವನ್ನು ಬರಹದಲ್ಲಿ ಪಡೆಯಿರಿ. ಬಾಯಿಮಾತಿನ ‘ಆಗಿದೆ ಸರ್’ ಸಾಲದು.

ಎರಡನೆಯದು ನಿಧಿಯ ಹೋಲಿಕೆ. ನಿಮ್ಮ ವೈಯಕ್ತಿಕ ನಿಧಿಯನ್ನು ಒಂದು ಮಾನದಂಡ ನಿಧಿಯ ಜೊತೆ ಹೋಲಿಸುತ್ತಾರೆ. ಪ್ರತಿ ತಿಂಗಳ ಕಂತೂ ಸಮಯಕ್ಕೆ ಬಂದಿದ್ದರೆ, ನಡುವೆ ಏನೂ ತೆಗೆಯದಿದ್ದರೆ, ಡೀಫಾಲ್ಟ್ ಹೂಡಿಕೆಯಲ್ಲೇ ಇದ್ದಿದ್ದರೆ ಎಷ್ಟಾಗುತ್ತಿತ್ತೋ ಅದೇ ಮಾನದಂಡ. ನಿಮ್ಮದು ಅದಕ್ಕಿಂತ ಕಡಿಮೆಯಿದ್ದು ಕೊರತೆ ತುಂಬದಿದ್ದರೆ ಮೊತ್ತವೂ ಅದೇ ಅನುಪಾತದಲ್ಲಿ ಇಳಿಯುತ್ತದೆ. ಮಾನದಂಡ ₹50 ಲಕ್ಷ, ನಿಮ್ಮದು ₹45 ಲಕ್ಷ ಆದರೆ ₹35,200 ಅಲ್ಲ, ₹31,680. ಮನೆ ಕಟ್ಟಲು, ಮಕ್ಕಳ ಓದಿಗೆ ಭಾಗಶಃ ಹಣ ತೆಗೆದವರಿಗೆ ಈ ಕೊರತೆ ಇದ್ದೇ ಇರುತ್ತದೆ. 2004ರ ನಂತರದ ಮೊದಲ ವರ್ಷಗಳಲ್ಲಿ ಕಂತು ಜಮೆಯಾಗದೆ ಬಿಟ್ಟುಹೋದ ತಿಂಗಳುಗಳೂ ಕೆಲವರ ಖಾತೆಯಲ್ಲಿವೆ. ಪ್ರಾನ್ (ನಿಮ್ಮ ಪಿಂಚಣಿ ಖಾತೆ ಸಂಖ್ಯೆ) ಖಾತೆಯ ವಹಿವಾಟು ಪಟ್ಟಿಯನ್ನು ಸಂಬಳ ಚೀಟಿಯ ಪಕ್ಕದಲ್ಲಿಟ್ಟು ತಿಂಗಳು ತಿಂಗಳು ಟಿಕ್ ಮಾಡಿ. ತಪ್ಪಿದ ತಿಂಗಳನ್ನು ಸರಿಪಡಿಸುವ ಕೆಲಸ ಸಂಬಳ ಬಟವಾಡೆ ಅಧಿಕಾರಿಯದು, ಅದು ಸೇವೆಯಲ್ಲಿದ್ದಾಗ ಆಗುವಷ್ಟು ಸುಲಭವಾಗಿ ನಿವೃತ್ತಿಯ ನಂತರ ಆಗುವುದಿಲ್ಲ.

ಮೂರನೆಯದು ನೋಟಿಸ್ ಹಿಂಪಡೆಯುವಿಕೆ. ನೇಮಕಾತಿ ಪ್ರಾಧಿಕಾರ ನೋಟಿಸ್ ಅವಧಿ ಮುಗಿಯುವುದರೊಳಗೆ ನಿರಾಕರಿಸದಿದ್ದರೆ ನಿವೃತ್ತಿ ತಾನಾಗಿ ಜಾರಿಗೆ ಬರುತ್ತದೆ. ಮನಸ್ಸು ಬದಲಾದರೆ ನಿವೃತ್ತಿಯ ದಿನಕ್ಕಿಂತ ಕನಿಷ್ಠ 15 ದಿನ ಮೊದಲೇ ಕೇಳಬೇಕು, ಪ್ರಾಧಿಕಾರ ಒಪ್ಪಬೇಕು.

ನಿಗಮ, ಮಂಡಳಿಗಳಲ್ಲಿ ಇರುವವರಿಗೆ

ಸಾರ್ವಜನಿಕ ಉದ್ದಿಮೆ, ನಿಗಮಗಳಲ್ಲಿ ಪಿಎಫ್ ಜೊತೆ ನೌಕರರ ಪಿಂಚಣಿ ಯೋಜನೆ (ಇಪಿಎಸ್-95) ಇರುವವರಿಗೆ ಮುಂದೂಡಿಕೆ ಬೇರೆ ಥರ. ಇಲ್ಲಿ ಯಾರೂ ನಿಮ್ಮನ್ನು ಕಾಯಿಸುವುದಿಲ್ಲ, ಕಾಯುವ ಆಯ್ಕೆ ನಿಮ್ಮದು. 10 ವರ್ಷದ ಸೇವೆ ಇದ್ದರೆ 58ಕ್ಕೆ ಪಿಂಚಣಿ, ಇನ್ನೂ ಕೆಲಸದಲ್ಲಿದ್ದರೂ ಸಿಗುತ್ತದೆ. ಬೇಡವೆಂದರೆ 60ರವರೆಗೆ ಮುಂದೂಡಬಹುದು, ಪ್ರತಿ ಪೂರ್ಣ ವರ್ಷಕ್ಕೆ ಶೇ 4 ಹೆಚ್ಚು.

ಶೇ 4 ಕೇಳಲು ಚೆನ್ನಾಗಿದೆ. ಲೆಕ್ಕ ಹಾಕಿ. ಇಡೀ ಸೇವೆಗೂ ₹15,000ದ ವೇತನ ಮಿತಿ ಎಂದೇ ಹಿಡಿಯೋಣ, 28 ವರ್ಷದ ಸೇವೆ, 20 ವರ್ಷ ದಾಟಿದ್ದಕ್ಕೆ ಸಿಗುವ 2 ವರ್ಷದ ಬೋನಸ್ ಸೇರಿ 30. ₹15,000 ಗುಣಿಸು 30, ಭಾಗಿಸು 70, ಅಂದರೆ ₹6,429. ವಂತಿಗೆ ಕಟ್ಟದೆ ಎರಡು ವರ್ಷ ಮುಂದೂಡಿದರೆ 24 ತಿಂಗಳ ಪಿಂಚಣಿ, ಸುಮಾರು ₹1.54 ಲಕ್ಷ ಬಿಟ್ಟಂತೆ. ಬದಲಿಗೆ ಸಿಗುವ ಶೇ 8 ಎಂದರೆ ತಿಂಗಳಿಗೆ ₹514. ಬಿಟ್ಟದ್ದು ಮರಳಿ ಬರಲು 300 ತಿಂಗಳು, 25 ವರ್ಷ ಬೇಕು. 85ನೇ ವಯಸ್ಸಿಗೆ ಸಮ. ಪಿಂಚಣಿ ಎಷ್ಟೇ ಇರಲಿ ಈ 300 ತಿಂಗಳು ಬದಲಾಗುವುದಿಲ್ಲ. ಇದನ್ನು ನಾವು ಯಾರಿಗೂ ಶಿಫಾರಸು ಮಾಡುವುದಿಲ್ಲ.

60ರವರೆಗೆ ಕೆಲಸ ಇದ್ದು ವಂತಿಗೆಯನ್ನೂ ಮುಂದುವರಿಸಿದರೆ ಮಾತು ಬೇರೆ. ಸೇವೆ 32 ಆಗುತ್ತದೆ, ಮೇಲೆ ಶೇ 8, ಪಿಂಚಣಿ ಸುಮಾರು ₹7,400. ಸಮವಾಗುವುದು 73ರ ಆಸುಪಾಸಿನಲ್ಲಿ. ಇದಕ್ಕಾಗಿ ಬಿಟ್ಟುಕೊಡುವುದು 58ರ ನಂತರ ಪಿಎಫ್ ಖಾತೆಗೇ ಬೀಳುತ್ತಿದ್ದ ತಿಂಗಳಿಗೆ ₹1,250, ಎರಡು ವರ್ಷಕ್ಕೆ ₹30,000.

ಇಲ್ಲಿ ಪದೇ ಪದೇ ಆಗುವ ತಪ್ಪೊಂದಿದೆ. ನೌಕರರು ಮುಂದೂಡಿಕೆಯ ಆಯ್ಕೆಯನ್ನೇ ಕೊಟ್ಟಿರುವುದಿಲ್ಲ, ಆದರೂ ಸಂಸ್ಥೆಯ ಲೆಕ್ಕ ವಿಭಾಗ 58 ದಾಟಿದ ಮೇಲೂ ಆ ₹1,250ನ್ನು ಪಿಂಚಣಿ ಖಾತೆಗೇ ಕಟ್ಟುತ್ತಾ ಹೋಗುತ್ತದೆ. 60ಕ್ಕೆ ನಮೂನೆ 10ಡಿ ಸಲ್ಲಿಸಿದಾಗ ಅರ್ಜಿ ಅಲ್ಲೇ ನಿಲ್ಲುತ್ತದೆ, ಹೆಚ್ಚುವರಿ ಹಣ ಪಿಎಫ್‌ಗೆ ವರ್ಗವಾಗುವವರೆಗೆ ಕದಲುವುದಿಲ್ಲ. 58 ತುಂಬುವ ತಿಂಗಳಿಗೆ ಮೊದಲೇ ಮುಂದೂಡುತ್ತೀರೋ ಇಲ್ಲವೋ ಎಂಬುದನ್ನು ಸಂಸ್ಥೆಗೆ ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ, ಮುಂದಿನ ತಿಂಗಳ ಪಾಸ್‌ಬುಕ್ಕಿನಲ್ಲಿ ಪಿಂಚಣಿ ವಂತಿಗೆಯ ಕಾಲಂ ನೋಡಿ. ಮುಂದೂಡದವರಿಗೆ ಅಲ್ಲಿ ಸೊನ್ನೆ ಇರಬೇಕು.